ಗೆದ್ದಿತು, ಗೆದ್ದಿತ್ತು, ಗೆದ್ದೀತು: ಫುಟ್‌ಬಾಲ್ ನೋಡ್ತಾ ನೋಡ್ತಾ ವ್ಯಾಕರಣಕ್ಕೆ ಜಗಳ

ಇವತ್ತು ಫುಟ್‌ಬಾಲ್ ವಿಷಯ. ಮೆಸ್ಸಿ ದೊಡ್ಡವನಾ ರೊನಾಲ್ಡೊ ದೊಡ್ಡವನಾ ಅನ್ನೋ ಚರ್ಚೆ ಬೇರೆ ಕಡೆ ಬೇಕಾದಷ್ಟು ಸಿಗುತ್ತೆ, ಅದನ್ನ ಬಿಡೋಣ. ಟಿವಿ ಮುಂದೆ ಕಪ್ ಮ್ಯಾಚ್ ನೋಡ್ತಾ ಕೂತ ಗೆಳೆಯರು ಇದ್ದಕ್ಕಿದ್ದಂತೆ ಆಟ ಬಿಟ್ಟು ವ್ಯಾಕರಣಕ್ಕೆ ಕಿತ್ತಾಡ್ತಾರಲ್ಲ, ಅದು ಯಾಕೆ? ಅದರಲ್ಲಿ ಹುರುಳಿದೆಯಾ, ಬರೀ ಹಟವಾ?

ಉದಾಹರಣೆ ಮಲ್ಲಂದೂರು ಕಡೆಯದ್ದು. ಚಿಕ್ಕಮಗಳೂರು ತಾಲೂಕಿನ ಕಾಫಿ ತೋಟಗಳ ನಡುವಿನ ಊರು. ಕತಾರ್ ವಿಶ್ವಕಪ್ ನಡೆದಿದ್ದು 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ. ಅಂದ್ರೆ ಸರಿಯಾಗಿ ಅರೇಬಿಕಾ ಕೊಯ್ಲಿನ ಹೊತ್ತಿಗೆ. ಲೀಗ್ ಹಂತದ ಬಹುತೇಕ ಮ್ಯಾಚ್‌ಗಳು ನಮ್ಮ ಟೈಮಲ್ಲಿ ಮಧ್ಯಾಹ್ನ 3.30, ಸಂಜೆ 6.30, ರಾತ್ರಿ 9.30, ಮತ್ತೆ ನಡುರಾತ್ರಿ 12.30ಕ್ಕೆ. ರಾತ್ರಿಯದ್ದನ್ನ ನಿದ್ದೆಗೆಟ್ಟಾದರೂ ನೋಡಬಹುದು. ಮೂರೂವರೆಯದ್ದು ಕಷ್ಟ. ಆಗ ಹಣ್ಣು ತೂಕ ಆಗಿರಲ್ಲ, ಕೆಲಸ ಬಿಟ್ಟು ಬರೋ ಹಾಗಿಲ್ಲ.

ನವೆಂಬರ್ 22, ಮಂಗಳವಾರ, ಮೂರೂವರೆಗೆ ಅರ್ಜೆಂಟೀನಾ ಮತ್ತು ಸೌದಿ ಅರೇಬಿಯಾ. ಮ್ಯಾಚ್ ನೋಡಿದ ಒಬ್ಬ, ತೋಟದಲ್ಲಿದ್ದ ಗೆಳೆಯನಿಗೆ ಒಂದು ಸಾಲು ಕಳಿಸಿದ: ‘ಅರ್ಜೆಂಟೀನಾ ಸೌದಿ ಸೋಲಿಸ್ತು.’

ತೋಟದವನು ಹೆಬ್ಬೆಟ್ಟು ತೋರಿಸಿ ಸುಮ್ಮನಾದ. ಅದರಲ್ಲಿ ಸುದ್ದಿ ಏನಿದೆ? 36 ಮ್ಯಾಚ್‌ನಿಂದ ಸೋಲೇ ಕಾಣದ ತಂಡ ಗೆಲ್ಲದೆ ಇನ್ನೇನು. ಸಂಜೆ ಬಂದು ಟಿವಿ ಹಾಕಿದಾಗ ಗೊತ್ತಾಗಿದ್ದು, ಗೆದ್ದಿದ್ದು ಸೌದಿ, 2–1. ಮೆಸ್ಸಿ 10ನೇ ನಿಮಿಷದಲ್ಲೇ ಪೆನಾಲ್ಟಿ ಹೊಡೆದಿದ್ದರೂ ಎರಡನೇ ಅವಧಿಯಲ್ಲಿ ಸೌದಿಯವರು ಐದು ನಿಮಿಷದ ಅಂತರದಲ್ಲಿ ಎರಡು ಗೋಲು ಹಾಕಿದ್ದರು.

‘ನೀ ಎಂತದಾ ಬರ್ದಿದ್ದು?’

‘ಸರಿಯಾಗೇ ಬರ್ದಿದೀನಿ ಮಾರಾಯ. ಅರ್ಜೆಂಟೀನಾನ ಸೌದಿ ಸೋಲಿಸ್ತು ಅಂತ.’

‘ಆ ನ ಎಲ್ಲಿ ಹೋಯ್ತು?’

ಇಲ್ಲಿಂದ ಶುರು.

ನೋಡಿ, ಕನ್ನಡದಲ್ಲಿ ಪದಗಳನ್ನ ಹಿಂದೆ ಮುಂದೆ ಮಾಡೋ ಸ್ವಾತಂತ್ರ್ಯ ಬಹಳ. ‘ಸೌದಿ ಅರ್ಜೆಂಟೀನಾವನ್ನು ಸೋಲಿಸಿತು’ ಅಂದರೂ ಸರಿ, ‘ಅರ್ಜೆಂಟೀನಾವನ್ನು ಸೌದಿ ಸೋಲಿಸಿತು’ ಅಂದರೂ ಸರಿ. ಯಾರು ಹೊಡೆದ್ರು, ಯಾರು ಹೊಡೆತ ತಿಂದ್ರು ಅನ್ನೋದನ್ನ ಹೇಳೋದು ಪದದ ಜಾಗ ಅಲ್ಲ, ಕೊನೆಗೆ ಅಂಟಿಕೊಂಡಿರೋ ‘ಅನ್ನು’. ಶಾಲೆಯಲ್ಲಿ ದ್ವಿತೀಯಾ ವಿಭಕ್ತಿ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಮಾತಿನಲ್ಲಿ ಅದು ಸವೆದು ಬರೀ ‘ನ’ ಆಗುತ್ತೆ. ‘ಅರ್ಜೆಂಟೀನಾ’ ಅನ್ನೋ ಹೆಸರು ಮೊದಲೇ ‘ನಾ’ದಲ್ಲಿ ಮುಗಿಯೋದ್ರಿಂದ, ಬೇಗ ಹೇಳುವಾಗ ಎರಡು ನಕಾರ ಸೇರಿ ಒಂದಾಗಿಬಿಡುತ್ತೆ. ಹೇಳಿದವನ ಕಿವಿಗೆ ಅದು ಇದೆ, ಓದಿದವನ ಕಣ್ಣಿಗೆ ಇಲ್ಲ.

ಹಾಗಾದ್ರೆ ‘ಅನ್ನು’ ಬಿಡೋದೇ ತಪ್ಪಾ? ಖಂಡಿತ ಅಲ್ಲ. ‘ಕಾಫಿ ಕುಡಿದೆ’ ಅಂತೀವಿ. ‘ಕಾಫಿಯನ್ನು ಕುಡಿದೆನು’ ಅಂದ್ರೆ ಪರೀಕ್ಷೆ ಬರೆಯೋ ಹಾಗೆ ಕೇಳುತ್ತೆ. ಕಾಫಿ ತಿರುಗಿ ನಮ್ಮನ್ನ ಕುಡಿಯಲ್ಲ, ಹಾಗಾಗಿ ಗೊಂದಲ ಇಲ್ಲ. ‘ಹಣ್ಣು ಕೊಯ್ದ್ರು’, ‘ಬೇಲಿ ಕಟ್ಟಿದ್ರು’, ಎಲ್ಲಾ ಕಡೆ ಇದೇ ಲೆಕ್ಕ. ಆದ್ರೆ ಮೈದಾನದಲ್ಲಿರೋದು ಎರಡು ತಂಡ. ಇದು ಅದನ್ನ ಸೋಲಿಸಬಹುದು, ಅದು ಇದನ್ನ ಸೋಲಿಸಬಹುದು. ಅಲ್ಲಿ ‘ಅನ್ನು’ ಬಿಟ್ಟರೆ ಓದುವವನು ತನಗೆ ಮೊದಲೇ ನಂಬಿಕೆ ಇರೋ ಕಡೆಗೆ ಅರ್ಥ ಮಾಡಿಕೊಳ್ತಾನೆ. ಅಚ್ಚರಿಯ ಫಲಿತಾಂಶ ಬಂದ ದಿನವೇ ವಾಕ್ಯ ಕೈಕೊಡೋದು. ನಿರೀಕ್ಷೆ ಮಾಡಿದ್ದೇ ಆದಾಗ ವ್ಯಾಕರಣ ತಪ್ಪಿದ್ದು ಯಾರಿಗೂ ಗೊತ್ತಾಗಲ್ಲ.

ಸುದ್ದಿಯ ತಲೆಬರಹದ ಶೈಲಿ ಇನ್ನೂ ಮಜಾ. ‘ಅರ್ಜೆಂಟೀನಾ ಮಣಿಸಿದ ಸೌದಿ’ ಅಂತ ಬರೆದರೆ ಏನು ಅರ್ಥ? ಅರ್ಜೆಂಟೀನಾವನ್ನ ಮಣಿಸಿದ ಸೌದಿಯೋ, ಅರ್ಜೆಂಟೀನಾದ ಕೈಯಲ್ಲಿ ಮಣಿದ ಸೌದಿಯೋ? ಕನ್ನಡದಲ್ಲಿ ‘ಮಣಿಸಿದ’, ‘ನೋಡಿದ’, ‘ಹೊಡೆದ’ ಥರದ ಪದಗಳು ಎರಡೂ ಕಡೆ ನಡೆಯುತ್ತವೆ. ‘ಹುಲಿ ಕೊಂದ ಮನುಷ್ಯ’ ಅಂದ್ರೆ ಬದುಕಿದ್ದು ಯಾರು, ಹೇಳಿ ನೋಡೋಣ. ಜಾಗ ಉಳಿಸೋಕೆ ‘ಅನ್ನು’ ಕತ್ತರಿಸುವ ನಮ್ಮ ಸುದ್ದಿಮನೆಗಳೂ ಈ ಜಗಳಕ್ಕೆ ಸೌದೆ ಹಾಕಿವೆ ಅನ್ನೋದನ್ನ ಒಪ್ಪಬೇಕು.

ಕನ್ನಡ ಕಾಮೆಂಟರಿ ಇರಲಿಲ್ಲ

ಈ ಗೆಳೆಯರೇ ಕ್ರಿಕೆಟ್ ನೋಡುವಾಗ ಇಷ್ಟು ಜಗಳ ಆಡಲ್ಲ. ಕಾರಣ ಸರಳ. ಐಪಿಎಲ್‌ಗೆ ಕನ್ನಡ ಕಾಮೆಂಟರಿ ಇದೆ. ಇಷ್ಟ ಆಗಲಿ ಬಿಡಲಿ, ಒಂದು ಮಾತಿನ ರೂಢಿ ಕಿವಿಗೆ ಬಿದ್ದಿರುತ್ತೆ. ಕತಾರ್ ವಿಶ್ವಕಪ್ ಭಾರತದಲ್ಲಿ ಫೋನಿಗೆ ಉಚಿತವಾಗಿ ಬಂದಿದ್ದು ಜಿಯೋಸಿನಿಮಾದಲ್ಲಿ. ಭಾಷೆ ಆರಿಸಿಕೊಳ್ಳಿ ಅಂತ ಇಂಗ್ಲಿಷ್, ಹಿಂದಿ, ಮಲಯಾಳಂ, ತಮಿಳು, ಬಂಗಾಳಿ ಕೊಟ್ಟಿದ್ದರು. ಕನ್ನಡ ಇರಲಿಲ್ಲ.

ಹಾಗಾಗಿ ಒಂದೇ ಟಿವಿ ಮುಂದೆ ಭಾಷೆಗೂ ಕಿತ್ತಾಟ. ಮಲಯಾಳಂ ಹಾಕಿ ಅನ್ನೋರು ಹೆಚ್ಚು. ಕೇರಳದಲ್ಲಿ ಫುಟ್‌ಬಾಲ್ ಕಾಮೆಂಟರಿಗೆ ಅಂತಲೇ ಒಂದು ಭಾಷೆ ಬೆಳೆದಿದೆ. ಐಎಸ್‌ಎಲ್‌ನಿಂದ ಹೆಸರಾದ ಶೈಜು ದಾಮೋದರನ್ ಥರದವರು ಕೂಗಿದರೆ ಪದ ಅರ್ಥ ಆಗದವರಿಗೂ ರೋಮಾಂಚನ ಆಗುತ್ತೆ. ಇಂಗ್ಲಿಷ್ ಹಾಕಿ ಅನ್ನೋರು ಇಬ್ಬರು, ಮ್ಯೂಟ್ ಮಾಡಿ ಅನ್ನೋನು ಒಬ್ಬ. ಮ್ಯೂಟ್ ಮಾಡಿದಾಗ ಕಾಮೆಂಟರಿ ಯಾರು ಹೇಳಬೇಕು? ಇವರೇ. ಆಫ್‌ಸೈಡ್, ಕಾರ್ನರ್, ಪೆನಾಲ್ಟಿ, ಎಲ್ಲಾ ಇಂಗ್ಲಿಷಿಂದ ಹಾಗೇ ಬರುತ್ತೆ. ನಾಮಪದಕ್ಕೆ ಸಾಲ ಸಿಗುತ್ತೆ. ಕ್ರಿಯಾಪದಕ್ಕೆ, ವಿಭಕ್ತಿಗೆ ಸಾಲ ಕೊಡೋರು ಯಾರೂ ಇಲ್ಲ, ಅದನ್ನ ಕನ್ನಡದಲ್ಲೇ ಹುಟ್ಟಿಸಬೇಕು. ಗೋಲು ‘ಹೊಡೆಯೋದಾ’, ‘ಹಾಕೋದಾ’, ‘ಬಾರಿಸೋದಾ’, ‘ಗಳಿಸೋದಾ’? ಪತ್ರಿಕೆ ಓದಿದವನು ಗಳಿಸ್ತಾನೆ, ಆಡಿದವನು ಹೊಡೀತಾನೆ ಅಥವಾ ಹಾಕ್ತಾನೆ. ಯಾರಾದ್ರೂ ಟಿವಿಯಲ್ಲಿ ದಿನಾ ಹೇಳ್ತಿದ್ದರೆ ಇದು ತಾನಾಗೇ ತೀರ್ಮಾನ ಆಗಿರ್ತಿತ್ತು. ಹೇಳೋರಿಲ್ಲದ ಕಾರಣ ಈ ಜಗಲಿಯಲ್ಲೇ ತೀರ್ಮಾನ ಆಗಬೇಕಾಗಿದೆ. ನನ್ನ ಪ್ರಕಾರ ಇವರ ಕಿತ್ತಾಟಕ್ಕೆ ಇಷ್ಟು ಬೆಲೆ ಕೊಡಬೇಕಾದ್ದು ಇದೇ ಕಾರಣಕ್ಕೆ.

ಫೈನಲ್ ರಾತ್ರಿಯ ಕ್ರಿಯಾಪದಗಳು

ಡಿಸೆಂಬರ್ 18, ಭಾನುವಾರ, ರಾತ್ರಿ 8.30. ಅರ್ಜೆಂಟೀನಾ ಮತ್ತು ಫ್ರಾನ್ಸ್. ಕನ್ನಡ ಕ್ರಿಯಾಪದ ಎಷ್ಟು ಸೂಕ್ಷ್ಮ ಅಂತ ತಿಳಿಯಬೇಕಾದ್ರೆ ಈ ಒಂದು ಮ್ಯಾಚ್ ಸಾಕು.

23ನೇ ನಿಮಿಷ ಮೆಸ್ಸಿಯ ಪೆನಾಲ್ಟಿ, 36ನೇ ನಿಮಿಷ ಡಿ ಮರಿಯಾ. 2–0. ಎಪ್ಪತ್ತು ನಿಮಿಷ ದಾಟಿದ ಮೇಲೆ ಒಬ್ಬ ಟೈಪ್ ಮಾಡ್ತಾನೆ: ‘ಅರ್ಜೆಂಟೀನಾ ಗೆದ್ದಿತು.’

ಪಕ್ಕದವನು: ‘ಇನ್ನೂ ಗೆದ್ದಿಲ್ಲ ಕಣೋ, ಗೆದ್ದಂಗೆ ಅನ್ನು.’

‘ಗೆದ್ದಿತು’ ಅಂದ್ರೆ ಮುಗಿದ ಕತೆ. ‘ಗೆದ್ದಂಗೆ’ ಅಂದ್ರೆ ಲೆಕ್ಕಕ್ಕೆ ಗೆದ್ದಿದೆ, ದಾಖಲೆಗೆ ಇನ್ನೂ ಇಲ್ಲ. 80ನೇ ನಿಮಿಷದಲ್ಲಿ ಎಂಬಾಪೆ ಪೆನಾಲ್ಟಿ, 81ನೇ ನಿಮಿಷದಲ್ಲಿ ಇನ್ನೊಂದು ಗೋಲು. 2–2. ಈಗ ಅದೇ ಅಕ್ಷರಗಳಿಗೆ ಸಣ್ಣ ತಿದ್ದುಪಡಿ ಸಾಕು: ‘ಗೆದ್ದೀತು.’ ದೀರ್ಘ ಎಳೆದರೆ ಅರ್ಥ ತಲೆಕೆಳಗು. ಗೆದ್ದರೂ ಗೆಲ್ಲಬಹುದು, ಹೇಳೋಕಾಗಲ್ಲ. ವ್ಯಾಕರಣದಲ್ಲಿ ಇದಕ್ಕೆ ಸಂಭಾವನೆ ಅಂತಾರೆ. ‘ಮಳೆ ಬಂದೀತು, ಕಣದಲ್ಲಿರೋ ಕಾಫಿ ಒಳಗೆ ಹಾಕಿ’ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರಲ್ಲ, ಅದೇ ರೂಪ. ಆಸೆ ಇರಬಹುದು, ಆತಂಕ ಇರಬಹುದು, ಖಾತ್ರಿ ಮಾತ್ರ ಇಲ್ಲ. ಇಂಗ್ಲಿಷಲ್ಲಿ ಇದಕ್ಕೆ ಬೇರೆ ಸಹಾಯಕ ಪದ ಹುಡುಕಬೇಕು, ನಮಗೆ ಒಂದು ಸ್ವರ ಸಾಕು.

ಇನ್ನು ‘ಗೆದ್ದಿತ್ತು’. ಫೋನಲ್ಲಿ ಅತಿ ಹೆಚ್ಚು ತಪ್ಪಾಗೋದು ಇದೇ. ‘ಗೆದ್ದು’ ಮತ್ತು ‘ಇತ್ತು’ ಸೇರಿ ಆದದ್ದು. ಇನ್ನೊಂದು ಘಟನೆಗಿಂತ ಮೊದಲೇ, ಹಿಂದೆ ಯಾವಾಗಲೋ ಗೆಲುವು ಆಗಿತ್ತು ಅಂತ ಅರ್ಥ. ಸರಿಯಾದ ಬಳಕೆಗೆ ನಮ್ಮದೇ ರಾಜ್ಯದ ಉದಾಹರಣೆ ಕೊಡ್ತೀನಿ. ಸಂತೋಷ್ ಟ್ರೋಫಿಯನ್ನ 1968–69ರಲ್ಲಿ ಮೈಸೂರು ಗೆದ್ದಿತ್ತು. ಆಮೇಲೆ 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, ಕಪ್ ಮಾತ್ರ ಬರಲಿಲ್ಲ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನ 3–2ರಿಂದ ಸೋಲಿಸಿ ಕರ್ನಾಟಕ ಗೆದ್ದಿತು. ಒಂದು ‘ತ’ ಒತ್ತಕ್ಷರದ ಒಳಗೆ 54 ವರ್ಷ ಇದೆ! ಇಲ್ಲಿ ‘ಮೈಸೂರು ಗೆದ್ದಿತು, ಕರ್ನಾಟಕ ಗೆದ್ದಿತ್ತು’ ಅಂತ ಅದಲು ಬದಲು ಮಾಡಿದರೆ ಇತಿಹಾಸವೇ ಉಲ್ಟಾ. ಹಾಗಾಗಿ ಈ ವಿಷಯದಲ್ಲಿ ತಿದ್ದುವವನ ಪರ ನಾನು ನಿಲ್ತೀನಿ.

ತೊಂದರೆ ಏನಂದ್ರೆ ನಮ್ಮಲ್ಲಿ ಬಹಳಷ್ಟು ಜನ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀತೀವಿ. ಹಾಗೆ ಬರೆದಾಗ ಗೆದ್ದಿತು, ಗೆದ್ದೀತು, ಗೆದ್ದಿತ್ತು ಮೂರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತೆ. ಆಗಿದ್ದು, ಆಗಬಹುದಾದ್ದು, ಎಂದೋ ಆಗಿದ್ದು, ಮೂರನ್ನೂ ಓದುವವನೇ ಊಹಿಸಬೇಕು. ನಮ್ಮ ಲಿಪಿಯಲ್ಲಿ ಬರೆಯಿರಿ ಅಂತ ಭಾಷಣ ಮಾಡ್ತಿಲ್ಲ. ಸ್ಕೋರ್ ಹೇಳುವಾಗಲಾದ್ರೂ ಬರೆಯಿರಿ, ಅಷ್ಟೇ.

ಫೈನಲ್‌ಗೆ ವಾಪಸ್ ಬರೋಣ. ಹೆಚ್ಚುವರಿ ಸಮಯದಲ್ಲಿ 108ನೇ ನಿಮಿಷ ಮತ್ತೆ ಮೆಸ್ಸಿ, 118ನೇ ನಿಮಿಷ ಮತ್ತೆ ಎಂಬಾಪೆ. 3–3. ಇಂಥ ಹೊತ್ತಲ್ಲಿ ಒಬ್ಬನ ಮನೆ ಕಡೆ ಕರೆಂಟ್ ಹೋಯ್ತು ಅಂದ್ಕೊಳ್ಳಿ, ಇನ್ನೊಬ್ಬನ ಫೋನಲ್ಲಿ ಚಿತ್ರ ಸುತ್ತುತ್ತಾ ನಿಂತಿದೆ. ಕರೆಂಟ್ ಹೋದವನು: ‘ಗೆದ್ದಿರುತ್ತೆ ಬಿಡು.’ ಇದು ಊಹೆ. ಪಕ್ಕದ ಮನೆಯಲ್ಲಿ ಕೂಗು ಕೇಳಿಸ್ಕೊಂಡವನು: ‘ಗೆದ್ದಿತಂತೆ.’ ಇದು ಕೇಳಿದ ಸುದ್ದಿ, ಹೊಣೆ ನನ್ನದಲ್ಲ. ಕಣ್ಣಾರೆ ನೋಡಿದವನು ಮಾತ್ರ: ‘ಗೆದ್ದಿತು.’ ಈ ‘ಅಂತೆ’ ಇದೆಯಲ್ಲ, ವಾಟ್ಸ್ಆ್ಯಪ್ ಕಾಲದಲ್ಲಿ ಚಿನ್ನದಂಥ ಪ್ರತ್ಯಯ. ಸುದ್ದಿ ಎಲ್ಲಿಂದ ಬಂತು ಅನ್ನೋದನ್ನ ಕ್ರಿಯಾಪದದ ಬಾಲದಲ್ಲೇ ಕಟ್ಟಿ ಕಳಿಸಬಹುದು. ಶೂಟೌಟ್‌ನಲ್ಲಿ ಕೋಮನ್ ಹೊಡೆದದ್ದನ್ನ ಮಾರ್ಟಿನೆಜ್ ತಡೆದ, ಚೌಮೆನಿ ಹೊರಗೆ ಹೊಡೆದ, ಮೊಂಟಿಯೆಲ್ ಕೊನೆಯದ್ದನ್ನ ಒಳಗೆ ಹಾಕಿದ, 4–2. ಆಗ ಮೊದಲ ಸಲ ‘ಗೆದ್ದಿತು’ ಅನ್ನೋದು ಸರಿಯಾಯ್ತು.

ಗೆದ್ದಿತಾ, ಗೆದ್ದರಾ, ಗೆದ್ವಾ?

ಇನ್ನೊಂದು ಹಳೇ ಜಗಳ. ‘ಅರ್ಜೆಂಟೀನಾ ಗೆದ್ದರು’ ಅಂತ ಒಬ್ಬ ಬರೆದರೆ, ‘ದೇಶ ನಪುಂಸಕಲಿಂಗ, ಗೆದ್ದಿತು ಅನ್ಬೇಕು’ ಅಂತ ಇನ್ನೊಬ್ಬ. ‘ಆಡಿದ್ದು ದೇಶನಾ? ಹನ್ನೊಂದು ಜನ ಅಲ್ವಾ?’

ಇದು ನಮ್ಮ ಊರಿನ ಜಗಳ ಮಾತ್ರ ಅಲ್ಲ. ಇಂಗ್ಲಿಷಲ್ಲೂ ಇದೇ ಕತೆ. ಬ್ರಿಟನ್ನಿನ ಪತ್ರಿಕೆಗಳು ತಂಡವನ್ನ ಬಹುವಚನದಲ್ಲಿ ಬರೀತಾವೆ, ಅಮೆರಿಕದವರು ಸಾಮಾನ್ಯವಾಗಿ ಏಕವಚನದಲ್ಲಿ. ಪ್ರೀಮಿಯರ್ ಲೀಗ್ ನೋಡಿ ಇಂಗ್ಲಿಷ್ ಕಲಿತವನ ಕಿವಿಗೆ ಬಹುವಚನ ಕೂತಿರುತ್ತೆ, ಅದೇ ಕನ್ನಡಕ್ಕೂ ಬರುತ್ತೆ. ಅಷ್ಟು ದೂರ ಹೋಗೋದು ಬೇಕಿಲ್ಲ, ಕನ್ನಡದಲ್ಲಿ ಇದಕ್ಕೆ ಚೆಂದದ ದಾರಿ ಇದೆ. ‘ದವರು’ ಸೇರಿಸಿ. ‘ಅರ್ಜೆಂಟೀನಾದವರು ಗೆದ್ದರು.’ ತೋಟದವರು, ಪಂಚಾಯ್ತಿಯವರು, ಗಂಡಿನ ಕಡೆಯವರು ಅಂದ ಹಾಗೇ. ದೇಶ ಗೆದ್ದಿತು, ದೇಶದವರು ಗೆದ್ದರು. ಎರಡೂ ಸರಿ, ಬೆರೆಸಿದರೆ ಮಾತ್ರ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತೆ.

ಆದ್ರೆ ನಿಜವಾದ ಅಭಿಮಾನಿ ಇವೆರಡೂ ಹೇಳಲ್ಲ. ‘ನಾವು ಗೆದ್ವಿ’ ಅಂತಾನೆ. ಬ್ಯೂನಸ್ ಐರಿಸ್ ಎಲ್ಲಿ, ಮಲ್ಲಂದೂರು ಎಲ್ಲಿ. ಈ ‘ನಾವು’ ಅಂದ್ರೆ ಯಾರು? ಎದುರಿಗೆ ಕೂತಿರೋ ಫ್ರಾನ್ಸ್ ಅಭಿಮಾನಿಯೂ ಸೇರಿದನಾ? ಕನ್ನಡದ ‘ನಾವು’ ಇದಕ್ಕೆ ಉತ್ತರ ಕೊಡಲ್ಲ. ತುಳುವಿನಲ್ಲಿ ಹಾಗಲ್ಲ, ಕೇಳುವವರನ್ನೂ ಸೇರಿಸಿದರೆ ‘ನಮ’, ಅವರನ್ನ ಬಿಟ್ಟರೆ ‘ಎಂಕುಲು’. ತಮಿಳು, ಮಲಯಾಳಂನಲ್ಲೂ ಎರಡು ಬೇರೆ ಬೇರೆ ಪದ ಇವೆ. ಕಾಫಿ ಸೀಮೆಯಲ್ಲಿ ಮನೆಯೊಳಗೆ ತುಳು, ತಮಿಳು, ಮಲಯಾಳಂ, ಬ್ಯಾರಿ, ಕೊಂಕಣಿ ಮಾತಾಡುವವರು ಅಕ್ಕಪಕ್ಕದಲ್ಲೇ ಇದ್ದಾರೆ. ಅಂಥ ಮನೆಯ ಹುಡುಗ ‘ನಾವು ಗೆದ್ವಿ’ ಅಂದಾಗ ಅವನ ತಲೆಯೊಳಗೆ ಯಾವ ‘ನಾವು’ ಇತ್ತು ಅಂತ ಕೇಳಿ ನೋಡಿ. ಅವನಿಗೆ ಗೊತ್ತಿರುತ್ತೆ.

ಏಕವಚನದ ಬಗ್ಗೆ ಚಿಕ್ಕದಾಗಿ. ‘ಮೆಸ್ಸಿ ಹೊಡೆದ’ನಾ, ‘ಹೊಡೆದರು’ನಾ? ಪತ್ರಿಕೆಗಳು ಗೌರವಕ್ಕೆ ‘ರು’ ಹಾಕ್ತಾವೆ. ಜಗಲಿಯಲ್ಲಿ ‘ಮೆಸ್ಸಿಯವರು ಹೊಡೆದರು’ ಅಂದ್ರೆ ಮೆಸ್ಸಿ ಯಾವುದೋ ಸೊಸೈಟಿ ಅಧ್ಯಕ್ಷರ ಥರ ಕೇಳ್ತಾರೆ. ಇಲ್ಲಿ ಏಕವಚನ ಸಲಿಗೆಯದ್ದು, ಅಗೌರವದ್ದಲ್ಲ. ಮಹಿಳೆಯರ ಆಟಕ್ಕೆ ಬಂದಾಗ ಸ್ವಲ್ಪ ನೋಡ್ಕೊಳ್ಳಿ. 2023ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್‌ಗೆ ಒಂದೇ ಗೋಲಿನ ಗೆಲುವು ಕೊಟ್ಟದ್ದು ಓಲ್ಗಾ ಕಾರ್ಮೋನಾ. ಎಂಬಾಪೆಗೆ ‘ಹೊಡೆದರು’, ಕಾರ್ಮೋನಾಗೆ ‘ಹೊಡೆದಳು’ ಅಂತ ಒಂದೇ ಉಸಿರಿನಲ್ಲಿ ಬರೆದರೆ ಅದು ಸಲಿಗೆ ಅಲ್ಲ.

ಯಾರ ಅಭಿಮಾನಿ ಅಂತ ಕ್ರಿಯಾಪದವೇ ಹೇಳುತ್ತೆ

ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದ ಹಿಂದಿನ ರಾತ್ರಿ, 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ನಾಕೌಟ್. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಫ್ರೀ ಕಿಕ್. ಬ್ಲಾಸ್ಟರ್ಸ್‌ನವರು ಗೋಡೆ ಕಟ್ಟೋಕೆ ಸಿದ್ಧ ಆಗ್ತಿರೋವಾಗಲೇ ಸುನಿಲ್ ಛೆಟ್ರಿ ಚೆಂಡನ್ನ ಒಳಗೆ ಕಳಿಸಿದರು. ರೆಫರಿ ಗೋಲು ಅಂದರು. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಬೆಂಗಳೂರು 1–0ರಿಂದ ಗೆದ್ದಂತೆ ಆಯ್ತು, ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು.

ಈ ಒಂದು ಗೋಲಿನ ಬಗ್ಗೆ ಯಾರು ಏನಂದ್ರು ಅಂತ ಕೇಳಿದರೆ ಸಾಕು, ಅವರು ಯಾವ ಕಡೆ ಅಂತ ಗೊತ್ತಾಗುತ್ತೆ. ‘ಛೆಟ್ರಿ ಹೊಡೆದ’ ಅಂದವನು ತಟಸ್ಥ. ‘ಹೊಡೆದೇಬಿಟ್ಟ’ ಅಂದವನು ಬೆಂಗಳೂರು. ‘ಹೊಡೆದುಬಿಟ್ನಲ್ಲ’ ಅಂದವನು ಬ್ಲಾಸ್ಟರ್ಸ್. ‘ಹೊಡ್ಕೊಂಡ’ ಅಂದವನು ಬ್ಲಾಸ್ಟರ್ಸ್, ಮತ್ತು ಇವತ್ತಿಗೂ ಸಿಟ್ಟಿನಲ್ಲಿದಾನೆ. ಬಿಡು, ಕೊಳ್ಳು, ಹಾಕು, ಹೋಗು ಅಂತ ಕನ್ನಡದಲ್ಲಿ ಪುಟ್ಟ ಸಹಾಯಕ ಕ್ರಿಯಾಪದಗಳಿವೆ. ನಡೆದ ಕೆಲಸವನ್ನ ಮುಖ್ಯ ಪದ ಹೇಳುತ್ತೆ, ಅದರ ಬಗ್ಗೆ ಹೇಳುವವನ ಹೊಟ್ಟೆಯಲ್ಲಿ ಏನಿದೆ ಅನ್ನೋದನ್ನ ಇವು ಹೇಳ್ತಾವೆ.

ಗೋಲು ‘ಬಿಟ್ಟುಕೊಟ್ಟರು’ ಅಂತ ಪತ್ರಿಕೆಯಲ್ಲಿ ಓದಿರ್ತೀರಿ. ನಾವು ಆಡುವಾಗ ಹೇಳೋದು ‘ಹೊಡೆಸ್ಕೊಂಡ್ರು’. ಹೊಡೆ, ಹೊಡೆಸು, ಹೊಡೆಸಿಕೊಳ್ಳು. ತಾನೇ ನಿಂತು ಹೊಡೆತ ಬರಮಾಡಿಕೊಂಡ ಅನ್ನೋ ವ್ಯಂಗ್ಯ ಅದರೊಳಗೇ ಇದೆ. ಇದಕ್ಕಿಂತ ಒಳ್ಳೆಯ ಫುಟ್‌ಬಾಲ್ ಪದ ಬೇಕಾ? ನನಗಂತೂ ಬೇಡ.

ತನ್ನ ಗೋಲಿಗೇ ಹೊಡೆದುಕೊಳ್ಳೋದಕ್ಕೆ ಮಾತ್ರ ಇನ್ನೂ ಒಮ್ಮತ ಇಲ್ಲ. ‘ಉಡುಗೊರೆ ಗೋಲು’ ಅನ್ನೋದುಂಟು, ‘ಸೇಮ್ ಸೈಡ್’ ಅನ್ನೋದುಂಟು. ‘ಸೆಲ್ಫ್ ಗೋಲ್’ ಅನ್ನೋದನ್ನ ರಾಜಕೀಯದವರು ಎತ್ತಿಕೊಂಡು ಹೋಗಿದಾರೆ. 2018ರ ಫೈನಲ್‌ನಲ್ಲಿ ಕ್ರೊವೇಷ್ಯಾದ ಮಾಂಜುಕಿಚ್ 18ನೇ ನಿಮಿಷ ತನ್ನದೇ ಗೋಲಿಗೆ ಚೆಂಡು ಕಳಿಸಿ, 69ನೇ ನಿಮಿಷ ಫ್ರಾನ್ಸ್ ಗೋಲಿಗೂ ಹೊಡೆದ. ‘ಮಾಂಜುಕಿಚ್ ಎರಡು ಗೋಲು ಹೊಡೆದ’ ಅಂದ್ರೆ ಸುಳ್ಳಲ್ಲ, ನಿಜವೂ ಅಲ್ಲ. ‘ಒಂದು ಹೊಡೆದ, ಒಂದು ಹೊಡ್ಕೊಂಡ’ ಅಂದ್ರೆ ಮುಗೀತು.

ಕಾಪಿ ಮತ್ತು ಪುಟ್‌ಬಾಲ್

ಇಷ್ಟು ಹೊತ್ತು ನಕ್ಕಿದ್ದಾಯ್ತು. ಈಗ ನಗು ಬಾರದ ಭಾಗ.

ಈ ಮ್ಯಾಚ್ ಗುಂಪಿನಲ್ಲಿ ಒಬ್ಬ ಹುಡುಗ ಇದಾನೆ. ಮನೆಮಾತು ತಮಿಳು, ಅಪ್ಪ ಅಮ್ಮ ತೋಟದ ಲೈನ್ ಮನೆಯವರು, ಕನ್ನಡ ಓದಲು ಬರೆಯಲು ಕಲಿತದ್ದು ಸರ್ಕಾರಿ ಶಾಲೆಯಲ್ಲಿ. ಆಟ ಅರ್ಥ ಮಾಡಿಕೊಳ್ಳೋದ್ರಲ್ಲಿ ಅಲ್ಲಿರೋ ಎಲ್ಲರಿಗಿಂತ ಒಂದು ಕೈ ಮೇಲು. ಫೈನಲ್ ದಿನ ‘ಪ್ರಾನ್ಸ್ ಬಾರಿ ಪೈಟ್ ಕೊಡ್ತು’ ಅಂತ ಬರೆದ. ತಕ್ಷಣ ಶುರುವಾಯ್ತು. ಬಾರಿ ಅಂದ್ರೆ ಸಲ, ಭಾರಿ ಅಂದ್ರೆ ದೊಡ್ಡದು, ಪ್ರಾನ್ಸ್ ಅಲ್ಲ ಫ್ರಾನ್ಸ್, ಮೊದಲು ಕನ್ನಡ ಕಲಿ. ಅವನು ಜಗಳ ಆಡಲಿಲ್ಲ. ಆಮೇಲಿಂದ ಬರೀ ಹೆಬ್ಬೆಟ್ಟಿನ ಚಿತ್ರ, ಬೆಂಕಿಯ ಚಿತ್ರ ಕಳಿಸ್ತಾನೆ. ವಾಕ್ಯ ಬರೆಯೋದು ಬಿಟ್ಟ.

ಈಗ ಕೇಳಿ. ‘ಅರ್ಜೆಂಟೀನಾ ಸೌದಿ ಸೋಲಿಸ್ತು’ ಅನ್ನೋ ಸಾಲಲ್ಲಿ ಯಾರು ಗೆದ್ದರು ಅಂತಲೇ ಗೊತ್ತಾಗಲ್ಲ, ಅದನ್ನ ತಿದ್ದಿದರೆ ಸುದ್ದಿ ಸರಿಯಾಗುತ್ತೆ. ‘ಬಾರಿ ಪೈಟ್’ ಓದಿದ ಯಾರಿಗೆ ಅರ್ಥ ಆಗಲಿಲ್ಲ? ಒಬ್ಬರಿಗೂ ಆಗದೆ ಇರಲಿಲ್ಲ. ಇದು ವ್ಯಾಕರಣವೂ ಅಲ್ಲ, ಕಾಗುಣಿತ. ಅದೂ ಬಹಳಷ್ಟು ಕನ್ನಡಿಗರ ನಾಲಿಗೆಯಲ್ಲಿ ಇಲ್ಲದ ಸದ್ದುಗಳ ಕಾಗುಣಿತ. ‘ಫ’ ಅಕ್ಷರದಲ್ಲಿ ನಾವು ಬರೆಯೋ ಇಂಗ್ಲಿಷಿನ ಆ ಸದ್ದು ಹೊರಗಿಂದ ಬಂದದ್ದು. ‘ಪುಟ್‌ಬಾಲ್’ ಅಂದ್ರೆ ನಗುವವರೇ ಬೆಳಿಗ್ಗೆ ಎದ್ದು ‘ಕಾಪಿ ಆಯ್ತಾ’ ಅಂತಾರೆ. ಕಾಪಿ ತೋಟ, ಕಾಪಿ ಹಣ್ಣು, ಕಾಪಿ ರೇಟು. ಈ ಸೀಮೆಯ ಬದುಕೇ ನಿಂತಿರೋ ಪದದಲ್ಲಿ ಯಾರೂ ‘ಫ’ ಹುಡುಕಲ್ಲ. ಪ್ಲಾಂಟರು ಅಂದರೂ ಕಾಪಿ, ಕೊಯ್ಲಿಗೆ ಬಂದವರು ಅಂದರೂ ಕಾಪಿ. ಲೈನ್ ಮನೆಯ ಹುಡುಗ ‘ಪ್ರಾನ್ಸ್’ ಅಂದಾಗ ಮಾತ್ರ ಕಿವಿ ನಿಮಿರುತ್ತೆ ಅಂದ್ರೆ, ಅಲ್ಲಿ ಕಾಡ್ತಿರೋದು ಅಕ್ಷರ ಅಲ್ಲ.

ಮಹಾಪ್ರಾಣದ ಬಗ್ಗೆ ದೊಡ್ಡವರ ನಡುವೆಯೇ ಜಗಳ ಇದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕವನ್ನೇ ಬರೆದವರು. ಆಡುವಾಗ ಇಲ್ಲದ ಮಹಾಪ್ರಾಣಗಳನ್ನ ಬರೆಯುವಾಗಲೂ ಬಿಡಬಹುದು ಅನ್ನೋದು ಅವರ ವಾದ, ತಮ್ಮ ಬರವಣಿಗೆಯಲ್ಲಿ ಬಿಟ್ಟೂ ತೋರಿಸಿದರು. ಒಪ್ಪದವರು ಬಹಳ ಜನ. ನಾನೂ ಪೂರ್ತಿ ಒಪ್ಪಿಲ್ಲ, ಈ ಬರಹದಲ್ಲಿ ‘ವಿಭಕ್ತಿ’ಯನ್ನ ‘ವಿಬಕ್ತಿ’ ಅಂತ ಬರೆದಿಲ್ಲ ನೋಡಿ. ಆದ್ರೆ ಜೀವಮಾನ ಇಡೀ ಕನ್ನಡ ಓದಿದವರೇ ತೆರೆದಿಟ್ಟಿರೋ ಪ್ರಶ್ನೆಯನ್ನ, ಮ್ಯಾಚ್ ನಡುವೆ ಒಬ್ಬ ಹುಡುಗನ ಬಾಯಿ ಮುಚ್ಚಿಸೋಕೆ ಬಳಸೋದು ಸಣ್ಣತನ.

ತಿದ್ದೋದಕ್ಕೆ ಬೇರೆ ದಾರಿಯೂ ಇದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಬರೀತಿದ್ದ ಕಾಲದಲ್ಲಿ ಓದುಗರು ಪದಗಳ ಬಗ್ಗೆ ಪ್ರಶ್ನೆ ಕಳಿಸ್ತಿದ್ದರು, ಅವರು ಉತ್ತರ ಕೊಡ್ತಿದ್ದರು. ಕೇಳಿದವರಿಗೆ ಉತ್ತರ. ಕೇಳದವರ ಮೈಮೇಲೆ ಬೀಳೋದಲ್ಲ.

ನಮ್ದೇ, ನಮ್ದು

ಕೊನೆಗೆ ಫುಟ್‌ಬಾಲ್ ಬಿಟ್ಟು ಒಂದು ನಿಮಿಷ ಕ್ರಿಕೆಟ್, ಕ್ಷಮಿಸಿ. ಕಪ್ ಮತ್ತು ವ್ಯಾಕರಣ ಅಂದ ಮೇಲೆ ಇದನ್ನ ಬಿಡೋಕಾಗಲ್ಲ. ‘ಈ ಸಲ ಕಪ್ ನಮ್ದೇ.’ ವರ್ಷಗಟ್ಟಲೆ ಆರ್‌ಸಿಬಿ ಅಭಿಮಾನಿಗಳು ಕೂಗಿದ್ದು. ಇದರಲ್ಲಿ ಕ್ರಿಯಾಪದವೇ ಇಲ್ಲ, ಇದ್ದರೆ ಅಷ್ಟು ಜೋರಾಗಿ ಕೂಗೋಕೂ ಆಗಲ್ಲ. ಇಡೀ ಭಾರ ಕೊನೆಯ ‘ಏ’ ಮೇಲೆ. ಬೇರೆ ಯಾರದ್ದೂ ಅಲ್ಲ, ನಮ್ದೇ. ಯಾರಾದ್ರೂ ಅನುಮಾನ ಪಟ್ಟಾಗ, ಅಥವಾ ನಮಗೇ ಒಳಗೊಳಗೆ ಅನುಮಾನ ಇದ್ದಾಗ ಈ ‘ಏ’ ಬೇಕಾಗುತ್ತೆ.

2024ರ ಮಾರ್ಚ್ 17ರಂದು ಆರ್‌ಸಿಬಿ ಮಹಿಳಾ ತಂಡ ಡಬ್ಲ್ಯುಪಿಎಲ್ ಫೈನಲ್‌ನಲ್ಲಿ ಡೆಲ್ಲಿಯನ್ನ ಎಂಟು ವಿಕೆಟ್‌ಗಳಿಂದ ಸೋಲಿಸಿತು. ಕಪ್ ಕೈಗೆ ಬಂದಾಗ ನಾಯಕಿ ಸ್ಮೃತಿ ಮಂದಾನ ಮೈಕಲ್ಲಿ ‘ಈ ಸಲ ಕಪ್ ನಮ್ದು’ ಅಂದರು. ‘ಏ’ ಹೋಯ್ತು. ಒತ್ತಿ ಹೇಳೋ ಅಗತ್ಯವೇ ಮುಗಿದಿತ್ತು. ಕನ್ನಡ ಅವರ ಮೊದಲ ಭಾಷೆ ಅಲ್ಲ. ಅವತ್ತು ಉಚ್ಚಾರಣೆ ಸರಿ ಇತ್ತಾ ಇಲ್ವಾ ಅಂತ ಯಾರಾದ್ರೂ ಕೇಳಿದ್ರಾ?

ಈ ಸಂಚಿಕೆ ಇಷ್ಟೇ. ಹೋಗೋ ಮುಂಚೆ ನಿಮಗೊಂದು ಕೆಲಸ. ಎದುರಾಳಿಯ ಎರಡು ಕಾಲಿನ ಸಂದಿಯಲ್ಲಿ ಚೆಂಡು ತೂರಿಸಿ ಮುಂದೆ ಹೋಗೋದಕ್ಕೆ ಇಂಗ್ಲಿಷಲ್ಲಿ ನಟ್‌ಮೆಗ್ ಅಂತಾರೆ, ಅಂದ್ರೆ ನಮ್ಮ ಜಾಯಿಕಾಯಿ. ನಿಮ್ಮೂರ ಮೈದಾನದಲ್ಲಿ ಇದಕ್ಕೆ ಏನಂತಾರೆ? ವಾಯ್ಸ್ ಮೆಸೇಜ್ ಕಳಿಸಿ, ಕಾಗುಣಿತದ ಚಿಂತೆ ಇರಲ್ಲ.